ಪೇಟಿಗೆ ಶ್ರುತಿ ಹಚ್ಚಿದ ಗಿಟಾರು

ಗಿಟಾರು ಎಲ್ಲಿ ಕಲಿತಿರಿ ಎಂದು ಸಂದರ್ಶನಕ್ಕೆ ಬಂದವರು ಕೇಳಿದಾಗ, ‘ಜೋಳದ ಚೀಲದ ಮೇಲೆ ಕೂತು’ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ನಗಲಿ ಬಿಡಿ. ಸುಳ್ಳು ಹೇಳಿ ನನಗೇನಾಗಬೇಕಾಗಿದೆ? ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಅಡುಗೆಮನೆಗೆ ಹೊಂದಿಕೊಂಡು ಒಂದು ಸಣ್ಣ ಖೋಲಿ ಇದೆ. ಅಲ್ಲಿ ಜೋಳದ ಚೀಲ, ಮಡಚಿಟ್ಟ ಕೌದಿಗಳು, ಮೂಲೆಯಲ್ಲಿ ಅವ್ವನ ಪೇಟಿ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಅಂತಲೇ ಅನ್ನುವುದು. ಆ ಖೋಲಿಯಲ್ಲಿ ಕಲಿತ ನಾನು ಇವತ್ತು ಸಿನಿಮಾಗಳಿಗೆ ಸಂಗೀತ ಮಾಡುತ್ತೇನೆ. ಪರದೆಯ ಮೇಲೆ ‘ಸಂಗೀತ’ ಎಂದು ಬರೆದು ಅದರ ಕೆಳಗೆ ನನ್ನ ಹೆಸರು ಹಾಕುತ್ತಾರೆ. ಇದನ್ನು ಹೇಳುವಾಗ ತಲೆ ತಗ್ಗಿಸಿ ‘ಏನೋ ದೇವರ ದಯೆ’ ಅಂತ ರಾಗ ಎಳೆಯುವುದು ನನಗೆ ಬರುವುದಿಲ್ಲ. ದೇವರ ದಯೆಯೂ ಇದ್ದೀತು. ಬೆರಳ ತುದಿಯ ಚರ್ಮ ಕಿತ್ತುಹೋಗಿದ್ದು ಮಾತ್ರ ನನ್ನದೇ.

ಅವ್ವ ನಮ್ಮ ಓಣಿಯ ಅಕ್ಕನ ಬಳಗಕ್ಕೆ ಹಿರಿಯಳು. ಸೋಮವಾರ ಸಂಜೆಯಾದರೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿ ವಚನ ಹಾಡುತ್ತಿದ್ದರು, ಈಗಲೂ ಹಾಡುತ್ತಾರೆ. ಪೇಟಿ ಬಾರಿಸುವವಳು ಅವ್ವ, ಹಾಡು ಎತ್ತಿಕೊಡುವವಳೂ ಅವ್ವ. ಆ ಪೇಟಿ ಅವಳ ತವರು ಖಾನಾಪುರದಿಂದ ಬಂದದ್ದು. ಅಜ್ಜ ಮಠದ ಭಜನೆಗೆ ಬಾರಿಸುತ್ತಿದ್ದನಂತೆ. ಅದರ ಮೈಮೇಲಿನ ಬಣ್ಣ ಅಜ್ಜನ ಕಾಲಕ್ಕೇ ಹೋಗಿತ್ತು, ದನಿ ಮಾತ್ರ ಗಟ್ಟಿ.

ಗಿಟಾರು ತಂದವನು ಅಪ್ಪ. ಅವನು ಹಿಂಡಲಗಾ ಜೈಲಿನಲ್ಲಿ ನೌಕರಿ ಮಾಡುತ್ತಿದ್ದ. ಶಾಲೆಯಲ್ಲಿ ಯಾರಾದರೂ ‘ನಿಮ್ಮಪ್ಪ ಎಲ್ಲಿ ಅದಾರ’ ಎಂದು ಕೇಳಿದರೆ ‘ಜೈಲಿನ್ಯಾಗ’ ಎಂದು ಹೇಳಿ, ಅವರ ಮುಖ ನೋಡುವುದು ನನಗೆ ಆಟವಾಗಿತ್ತು. ಊರಿನ ದಂಡಿನ ಪ್ರದೇಶವಾದ ಕ್ಯಾಂಪ್ ಕಡೆಯ ಒಬ್ಬರು ಗೋವಾಕ್ಕೆ ಮನೆ ಬದಲಿಸುವಾಗ ಹಳೆಯ ಗಿಟಾರೊಂದನ್ನು ಬಿಟ್ಟುಹೋಗುವವರಿದ್ದರು. ಅಪ್ಪ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದ. ಅದರ ಜೊತೆ ಒಂದು ಪುಸ್ತಕವೂ ಇತ್ತು. ತಂತಿಗಳನ್ನು ಪಿಯಾನೋಗೆ ಹೊಂದಿಸಿಕೊಳ್ಳಿ ಎಂದು ಅದರ ಮೊದಲ ಪುಟದಲ್ಲೇ ಬರೆದಿತ್ತು. ಮಹಾಂತೇಶ ನಗರದಲ್ಲಿ ಪಿಯಾನೋ ಎಲ್ಲಿಂದ ತರಲಿ? ಬೆರಳಿಟ್ಟು ಒತ್ತುವ ಕರಿ ಮನೆ, ಬಿಳಿ ಮನೆ ಇದ್ದದ್ದು ಅವ್ವನ ಪೇಟಿಯೊಂದರಲ್ಲೇ. ಅದಕ್ಕೇ ಶ್ರುತಿ ಹಚ್ಚಿದೆ.

ನನಗೆ ಗೊತ್ತಿಲ್ಲದ್ದು ಏನೆಂದರೆ, ಆ ಪೇಟಿಯ ಸ್ವರಗಳು ವಯಸ್ಸಾಗಿ ಎಲ್ಲವೂ ಒಂದೇ ಸಮನೆ ಸ್ವಲ್ಪ ಕೆಳಗಿಳಿದಿದ್ದವು. ಒಂದಕ್ಕೊಂದು ಸರಿಯಾಗಿಯೇ ಇದ್ದವು, ಹೊರಗಿನ ವಾದ್ಯಗಳಿಗೆ ಮಾತ್ರ ಕೂಡುತ್ತಿರಲಿಲ್ಲ. ಮನೆಯ ಗಡಿಯಾರ ಹಿಂದಿದ್ದರೆ ಮನೆಯೊಳಗಿನವರಿಗೆ ಎಲ್ಲಿ ತಿಳಿಯುತ್ತದೆ? ಬಸ್ಸು ತಪ್ಪಿದಾಗಲೇ ತಿಳಿಯುವುದು.

ಕಾಲೇಜಿನಲ್ಲಿ ನಾವು ನಾಲ್ವರು ಸೇರಿ ರಾಕ್ ಬ್ಯಾಂಡ್ ಕಟ್ಟಿದೆವು. ಹುಡುಗಿ ನಾನೊಬ್ಬಳೇ, ಮುಂದೆ ನಿಂತು ಬಾರಿಸುವವಳೂ ನಾನೇ. ಬೇಸ್ ಗಿಟಾರಿನವನು ನನ್ನ ತಂತಿ ಕೇಳಿ ತನ್ನದನ್ನು ಹೊಂದಿಸಿಕೊಳ್ಳುತ್ತಿದ್ದ, ಹಾಡುವವನು ನಮ್ಮಿಬ್ಬರಿಗೆ. ಅಂದರೆ ಕೂದಲು ಬಿಟ್ಟುಕೊಂಡು ಕುಣಿಯುತ್ತಿದ್ದ ಇಡೀ ಬ್ಯಾಂಡು ಅಕ್ಕನ ಬಳಗದ ಶ್ರುತಿಯಲ್ಲಿತ್ತು! ಹುಬ್ಬಳ್ಳಿಯ ಒಂದು ಸ್ಪರ್ಧೆಯಲ್ಲಿ ಕೀಬೋರ್ಡಿನವನನ್ನು ನಮ್ಮ ಜೊತೆ ಕೂಡಿಸಿದರು. ಎರಡು ಸಾಲು ಬಾರಿಸಿ ಅವನು ಕೈ ಎತ್ತಿದ.

‘ಅಕ್ಕಾರ, ನಿಮ್ದು ಕೆಳಗೈತ್ರಿ.’

‘ನಿಮ್ದ ಮ್ಯಾಲೈತಿ,’ ಅಂದೆ. ‘ಇಳಸ್ಕೊಂಡ ಬರ್ರಿ.’

ಅವನು ಪಾಪ, ನಕ್ಕು ಇಳಿದೇ ಹೋದ. ನಾವು ಅವನಿಲ್ಲದೆ ಬಾರಿಸಿದೆವು, ಜನ ಕುರ್ಚಿ ಬಿಟ್ಟು ಎದ್ದು ಕುಣಿದರು. ಆ ದಿನ ಗೆದ್ದ ಬಹುಮಾನದ ಕಪ್ಪು ಈಗಲೂ ನಮ್ಮ ಮನೆಯ ಟಿವಿ ಮೇಲಿದೆ. ಅವ್ವ ಅದರಲ್ಲಿ ಸೇಫ್ಟಿಪಿನ್ನು ಹಾಕಿಡುತ್ತಾಳೆ.

ಅವ್ವ ನನ್ನ ಕಾರ್ಯಕ್ರಮಗಳಿಗೆ ಬಂದವಳಲ್ಲ. ಬೇಡ ಎಂದೂ ಅನ್ನಲಿಲ್ಲ, ಭೇಷ್ ಎಂದೂ ಅನ್ನಲಿಲ್ಲ. ನಾನು ಬಾರಿಸುವುದಕ್ಕೆ ಅವಳ ಬಾಯಲ್ಲಿ ಇದ್ದದ್ದು ಒಂದೇ ಹೆಸರು: ಗದ್ದಲ. ‘ನಿನ್ನ ಗದ್ದಲ ಮುಗೀತಂದ್ರ ಈ ಜ್ವಾಳಾ ಹಸನ ಮಾಡು,’ ‘ಮಂದಿ ಬಂದಾರ, ಗದ್ದಲ ನಿಂದ್ರಸು.’ ವಚನ ಹಾಡುವುದು ಸಂಗೀತ, ನಾನು ಮಾಡುವುದು ಗದ್ದಲ. ನನಗೂ ಸಿಟ್ಟು ಮೂಗಿನ ಮೇಲೇ ಇರುತ್ತದೆ. ‘ನನ್ನ ಗದ್ದಲಕ್ಕ ಮಂದಿ ಟಿಕೆಟ್ ತಗದ ಬರ್ತಾರ, ನಿಮ್ಮ ಸಂಗೀತಕ್ಕ ಚಹಾ ಕೊಟ್ಟ ಕುಂದ್ರಸಬೇಕು,’ ಎಂದು ತಿರುಗಿ ಹೇಳುತ್ತಿದ್ದೆ. ಅವಳು ಲಟ್ಟಣಿಗೆ ಎತ್ತಿ ತೋರಿಸುತ್ತಿದ್ದಳು.

ಆಮೇಲೆ ಬ್ಯಾಂಡು ಚೆದುರಿತು. ಒಬ್ಬ ಬ್ಯಾಂಕಿಗೆ ಸೇರಿದ, ಇನ್ನೊಬ್ಬ ಅಪ್ಪನ ಅಂಗಡಿಗೆ. ನಾನು ಬಿಡಲಿಲ್ಲ. ವಾರದ ಕೊನೆಗೆ ರೈಲು ಹತ್ತಿ ಗೋವಾಕ್ಕೆ ಹೋಗಿ ಸಮುದ್ರದ ದಂಡೆಯ ಹೋಟೆಲುಗಳಲ್ಲಿ ಬಾರಿಸಿದೆ. ಬೆಳಗಾವಿಯ ಸೀರೆ ಅಂಗಡಿಗಳ ಜಾಹೀರಾತಿಗೆ ಟ್ಯೂನು ಕಟ್ಟಿದೆ. ಕಿರುಚಿತ್ರ ಮಾಡುವ ಹುಡುಗರಿಗೆ ಹಿನ್ನೆಲೆ ಸಂಗೀತ ಕೊಟ್ಟೆ. ಶ್ರುತಿ ತೋರಿಸುವ ಯಂತ್ರ ಕೊಂಡಿದ್ದೆ, ಹೊರಗೆ ಹೋದಾಗ ಅದರ ಪ್ರಕಾರವೇ ತಂತಿ ಬಿಗಿಯುತ್ತಿದ್ದೆ. ಹೊಸ ಟ್ಯೂನು ಕಟ್ಟಬೇಕಾದರೆ ಮಾತ್ರ ಮನೆಗೆ ಬಂದು, ಜೋಳದ ಚೀಲದ ಮೇಲೆ ಕೂತು, ಪೇಟಿಗೇ ಹಚ್ಚುತ್ತಿದ್ದೆ. ತಂತಿ ಅಷ್ಟು ಸಡಿಲಾದರೇನೇ ನನಗೆ ಟ್ಯೂನು ಬರುವುದು, ಏನು ಮಾಡಲಿ?

ಮೊದಲ ದೊಡ್ಡ ಸಿನಿಮಾ ಕೊಟ್ಟವನು ಖಾನಾಪುರದ ಹುಡುಗ. ಮನೆಯಲ್ಲಿ ಮರಾಠಿ, ಸಿನಿಮಾ ಕನ್ನಡದ್ದು, ಜಗಳ ಮಾತ್ರ ಎರಡೂ ಭಾಷೆಯಲ್ಲಿ ಮಾಡುತ್ತಾನೆ. ಅವನ ಕಿರುಚಿತ್ರಕ್ಕೆ ನಾನು ಬಾರಿಸಿದ್ದೆ. ಈಗ ಅವನೇ ನಿರ್ದೇಶಕ. ಗುಂಜಿಯ ಹತ್ತಿರ ಕಾಡಿನಂಚಿನಲ್ಲಿ ರೈಲ್ವೆ ಗೇಟು ಕಾಯುವ ಹೆಂಗಸೊಬ್ಬಳ ಕಥೆ. ಹಳಿಯ ಕೆಳಗೆ ಹೊಸ ದಾರಿ ಆದ ಮೇಲೆ ಆ ಗೇಟು ಬೇಡವಾಗುತ್ತದೆ. ಕೊನೆಯ ದಿನ, ಕೊನೆಯ ರೈಲಿಗೆ ಆಕೆ ಗೇಟು ಹಾಕುತ್ತಾಳೆ, ರೈಲು ಹೋದ ಮೇಲೆ ಗೇಟೆತ್ತಿ, ಹಳಿಯ ಬಾಜು ಮನೆಗೆ ನಡೆಯುತ್ತಾಳೆ. ಅಲ್ಲಿ ಮಾತೇ ಇಲ್ಲ.

‘ಅಕ್ಕಾ, ಅಲ್ಲಿ ನೀನ ಮಾತಾಡಬೇಕು,’ ಅಂದ.

ಎರಡು ದಿನ ಗುಂಜಿ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು ರೈಲು ನೋಡಿದೆ. ಮನೆಗೆ ಬಂದು ಖೋಲಿ ಸೇರಿದೆ. ಟ್ಯೂನು ಬಂತು. ‘ಅವ್ವಾ, ಸಾ ಹಿಡಕೊಂಡ ಕುಂದ್ರು,’ ಅಂದೆ. ಅವಳು ಪೇಟಿಗೆ ಗಾಳಿ ಹಾಕುತ್ತ ಒಂದೇ ಮನೆ ಒತ್ತಿ ಹಿಡಿದಳು, ಕಿವಿ ಅಡುಗೆಮನೆಯ ಕಡೆಗಿತ್ತು. ಮೊದಲ ಸಲ ಕುಕ್ಕರ್ ಸೀಟಿ ಹೊಡೆದು ಕೆಡಿಸಿತು. ಎರಡನೆಯ ಸಲ ನಾನು ಬಾರಿಸಿದ್ದು ಹೇಗಿತ್ತೆಂದು ನಾನೇ ಹೇಳುತ್ತೇನೆ: ಅಷ್ಟು ಚೆನ್ನಾಗಿ ನಾನು ಮೊದಲೂ ಬಾರಿಸಿರಲಿಲ್ಲ, ಮುಂದೂ ಬಾರಿಸಿಲ್ಲ. ಅದನ್ನೇ ರೆಕಾರ್ಡ್ ಮಾಡಿ ಕಳಿಸಿದೆ. ನಿರ್ದೇಶಕ ಅದಕ್ಕೆ ತಕ್ಕಂತೆ ಆ ಹೆಂಗಸಿನ ಒಂದೊಂದು ಹೆಜ್ಜೆಯನ್ನೂ ಕತ್ತರಿಸಿ ಕೂಡಿಸಿದ.

ತಕರಾರು ಬಂದದ್ದು ಬೆಂಗಳೂರಿನಿಂದ. ಅಲ್ಲಿಯ ಸೌಂಡ್ ಇಂಜಿನಿಯರ್ ಒಂದು ಮಧ್ಯಾಹ್ನ ಫೋನ್ ಮಾಡಿದ. ನಾನು ಸ್ಪೀಕರ್ ಹಾಕಿ ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕೂತಿದ್ದೆ, ಅವ್ವ ಎದುರಿಗಿದ್ದಳು.

‘ಮೇಡಂ, ಟ್ಯೂನ್ ಬಹಳ ಚೆನ್ನಾಗಿದೆ. ಆದ್ರೆ ನಿಮ್ಮ ಗಿಟಾರೂ ಆ ಹಾರ್ಮೋನಿಯಮ್ಮೂ ಎರಡೂ ಶ್ರುತಿಗಿಂತ ಕೆಳಗಿವೆ. ಇದಕ್ಕೆ ಕೊಳಲು, ವಯಲಿನ್ ಹೇಗೆ ಸೇರಿಸೋದು?’

ಕಂಪ್ಯೂಟರಿನಲ್ಲಿ ಮೇಲೆ ಎತ್ತಿ ನೋಡಿದ. ಗಿಟಾರು ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳಿಸಿತು. ಸರಿಯಾದ ಶ್ರುತಿಯಲ್ಲಿ ನಾನೇ ಮತ್ತೆ ಬಾರಿಸಿದೆ. ಅದನ್ನು ಕೇಳಿ ನಿರ್ದೇಶಕ ತಲೆ ಕೆರೆದುಕೊಂಡ. ‘ಬರೋಬರ ಐತಿ ಅಕ್ಕಾ. ಆದ್ರ ಇದು ಅದಲ್ಲ.’ ಅವನು ಹೇಳಿದ್ದು ಖರೆ. ನನಗೂ ಗೊತ್ತಿತ್ತು.

ನಿರ್ಮಾಪಕರು ಊರಿನ ದೊಡ್ಡ ವ್ಯಾಪಾರಿ. ಕೆಟ್ಟವರಲ್ಲ, ಆದರೆ ಸಂಗೀತವನ್ನು ಸಿಮೆಂಟಿನ ಹಾಗೆ ಹೆಸರು ನೋಡಿ ಕೊಳ್ಳುವವರು. ನಿರ್ದೇಶಕನ ಜೊತೆ ಮನೆಗೇ ಬಂದು, ಚಹಾ ಕುಡಿದು, ವಿಷಯಕ್ಕೆ ಬಂದರು.

‘ಅಕ್ಕಾರ, ನೀವು ಗಿಟಾರ ಛಲೋ ಬಾರಸ್ತೀರಿ. ಸಿನಿಮಾದ ಸಂಗೀತ ಬ್ಯಾರೇನ ಐತಿ. ಬೆಂಗಳೂರಾಗ ಹೆಸರ ಇದ್ದವರ ಒಬ್ಬರನ್ನ ಕೇಳೀನಿ. ಹೊಸಾದ ಮಾಡಿಕೊಡತಾರಂತ.’

‘ಸಾವ್ಕಾರ್ರ, ಅದರಾಗ ಒಂದ ತಂತಿನೂ ಬದಲಿ ಮಾಡೂದಿಲ್ಲ ನಾ,’ ಅಂದೆ. ನನ್ನ ದನಿ ಓಣಿಗೆಲ್ಲ ಕೇಳಿರಬೇಕು. ‘ಗಿಟಾರ ಹಂಗ ಇರ್ತದ. ಅದರ ಮ್ಯಾಲೆ ಅವ್ವನ ಪೇಟಿ, ಬಳಗದ ಹೆಣ್ಣುಮಕ್ಕಳ ದನಿ. ಕೊಳಲಿನವರು, ವಯಲಿನ್ನಿನವರು ನಮ್ಮ ಕಡೆ ಇಳದ ಬರ್ಲಿ.’

ಅವರು ನಿರ್ದೇಶಕನ ಮುಖ ನೋಡಿದರು. ಅವನು ನನ್ನ ಪಕ್ಷ ಬಿಡಲಿಲ್ಲ.

‘ಒಂದ ದಿನ ಕೊಡತೀನಿ,’ ಅಂದರು. ‘ಅವತ್ತ ಎಲ್ಲಾ ಕೂಡಿ ಬಂತಂದ್ರ ಪರದೇದ ಮ್ಯಾಲೆ ನಿಮ್ಮ ಹೆಸರ. ಇಲ್ಲಾಂದ್ರ ಅವರ ಹೆಸರ. ಸಿಟ್ಟ ಮಾಡಬ್ಯಾಡ್ರಿ.’

ಸಿಟ್ಟು ಮಾಡಬೇಡ ಎಂದರೆ ಆಯಿತೇ? ಇಷ್ಟು ವರ್ಷ ಎಲ್ಲೆಲ್ಲೋ ಬಾರಿಸಿಕೊಂಡು ಬಂದು, ಹೊಸ್ತಿಲ ಮೇಲೆ ಕಾಲಿಟ್ಟಾಗ ಬಾಗಿಲು ಹಾಕುತ್ತೇನೆ ಎಂದರೆ ಯಾರಿಗೆ ಉರಿಯುವುದಿಲ್ಲ? ಅವರು ಹೋದ ಮೇಲೆ ಪಾತ್ರೆಗಳನ್ನು ಧಡಧಡ ಎಂದು ಇಡುತ್ತ ಓಡಾಡಿದೆ. ಅವ್ವ ಒಂದೇ ಮಾತು ಕೇಳಿದಳು.

‘ಹಂಗಾದ್ರ ನನ್ನ ಪೇಟಿ ತಪ್ಪೈತೇನ?’

‘ಏನೂ ತಪ್ಪಿಲ್ಲವ್ವಾ, ನೀ ಸುಮ್ಮನಿರು,’ ಅಂದೆ.

ಅವಳು ಸುಮ್ಮನಾದಳು. ಅವ್ವ ಸುಮ್ಮನಾದಳೆಂದರೆ ಏನೋ ನಡೆಸಿದ್ದಾಳೆ ಎಂದು ಅರ್ಥ. ಆದರೆ ಆ ವಾರ ನಾನು ಬಳಗದವರಿಗೆ ಒಂದು ಆಲಾಪ ಕಲಿಸುವುದರಲ್ಲಿ, ಕೊಳಲಿನವರನ್ನು, ವಯಲಿನ್ನಿನವರನ್ನು ಹುಡುಕುವುದರಲ್ಲಿ ಮುಳುಗಿದ್ದೆ. ಅವಳು ಒಂದು ದಿನ ತವರಿಗೆ ಹೋಗಿ ಬರುತ್ತೇನೆಂದು ಖಾನಾಪುರದ ಬಸ್ಸು ಹತ್ತಿದಳು, ಹೂಂ ಅಂದೆ.

ರೆಕಾರ್ಡಿಂಗ್ ಇದ್ದದ್ದು ಟಿಳಕವಾಡಿಯ ಒಂದು ಸಣ್ಣ ಸ್ಟುಡಿಯೋದಲ್ಲಿ. ಬೆಂಗಳೂರಿನ ಇಂಜಿನಿಯರ್ ಹಿಂದಿನ ದಿನವೇ ಬಂದಿದ್ದ. ಬಳಗದ ಹೆಂಗಸರು ಎರಡು ಟಂಟಂ ರಿಕ್ಷಾ ತುಂಬ ಬಂದಿಳಿದರು. ಎಲ್ಲರೂ ಇಳಕಲ್ ಸೀರೆ ಉಟ್ಟಿದ್ದರು. ಬಾಗಿಲಲ್ಲಿದ್ದ ವಾಚಮನ್ ‘ಯಾರದ ಮದವೀರಿ’ ಎಂದು ಕೇಳಿದ. ‘ನಿಂದ, ಬಾ ಒಳಗ,’ ಎಂದು ಒಬ್ಬ ದೊಡ್ಡಮ್ಮ ಅವನ ಬಾಯಿ ಮುಚ್ಚಿಸಿದಳು. ಕೊನೆಗೆ ಅವ್ವ ಬಂದಳು. ತೊಟ್ಟಿಲ ಕೂಸನ್ನು ಎತ್ತಿಕೊಂಡ ಹಾಗೆ, ಬಟ್ಟೆ ಸುತ್ತಿದ ಪೇಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಬಟ್ಟೆ ಬಿಚ್ಚಿದಳು. ಪೇಟಿ ಫಳಫಳ ಹೊಳೆಯುತ್ತಿತ್ತು. ಮೈಗೆ ಹೊಸ ಪಾಲಿಶ್, ಹಿತ್ತಾಳೆ ಹಿಡಿಕೆ ಬಂಗಾರದ ಹಾಗೆ. ಅವಳು ನನ್ನ ಮುಖ ನೋಡುತ್ತ ಸಾ ಒತ್ತಿದಳು. ಅದು ನಮ್ಮ ಪೇಟಿಯ ಸಾ ಆಗಿರಲಿಲ್ಲ.

‘ರಿಪೇರಿ ಮಾಡಿಸೀನಿ,’ ಅಂದಳು, ಮುಖದ ತುಂಬ ನಗು. ‘ಖಾನಾಪುರದಾಗ ಪೇಟಿ ಅಂಗಡ್ಯಾಗ ಕುಂತು, ಒಳಗಿನ ಹಿತ್ತಾಳಿ ಪಟ್ಟಿಗೋಳಿಗೆ ಅರ ಹಾಕಿಸಿ, ಎಲ್ಲಾ ಸೂರ ಮ್ಯಾಲ ಏರಿಸಿಕೊಂಡ ಬಂದೀನಿ. ಇನ್ನ ನಿನಗ ಯಾರೂ ಕೆಳಗೈತಿ ಅನ್ನಾಂಗಿಲ್ಲ.’

‘ಅವ್ವಾ! ಏನ ಮಾಡಿದಿ ನೀ! ಯಾರ ಹೇಳಿದ್ರ ನಿನಗ!’

‘ನನ್ನ ಪೇಟಿ ಸಲುವಾಗಿ ನಿನ್ನ ಹೆಸರ ಹೋಗೂದ ಬ್ಯಾಡ ಅಂತ ಮಾಡಿಸಿದ್ನಿ,’ ಅಂದಳು. ನಗು ಮಾಯವಾಗಿತ್ತು. ಯಾವುದಕ್ಕಾಗಿ ಎಲ್ಲರನ್ನೂ ಎದುರು ಹಾಕಿಕೊಂಡಿದ್ದೆನೋ ಆ ಶ್ರುತಿಯನ್ನು, ನನ್ನ ಮೇಲಿನ ಪ್ರೀತಿಗೇ ಅವ್ವ ಅರ ಹಾಕಿ ತಿಕ್ಕಿಸಿಕೊಂಡು ಬಂದಿದ್ದಳು.

ಇಂಜಿನಿಯರ್ ನನ್ನ ಗಿಟಾರಿನ ರೆಕಾರ್ಡಿಂಗ್ ಹಚ್ಚಿ, ಪೇಟಿಯ ಜೊತೆ ಕೂಡಿಸಿ ಕೇಳಿಸಿದ. ಎರಡೂ ಜಗಳಕ್ಕೆ ಬಿದ್ದವು. ಹಿಂದೆ ಕುರ್ಚಿಯಲ್ಲಿ ಕೂತಿದ್ದ ನಿರ್ಮಾಪಕರು ಗಂಟಲು ಸರಿಮಾಡಿಕೊಂಡರು.

‘ಆತಲ್ಲರಿ ಇನ್ನ. ನಾ ಬೆಂಗಳೂರಿಗೆ ಹೇಳಿಬಿಡತೀನಿ,’ ಎಂದು ಫೋನ್ ತೆಗೆದರು.

ಅವ್ವ ತಟ್ಟನೆ ತಿರುಗಿದಳು. ಬಳಗದಲ್ಲಿ ಯಾರಾದರೂ ಹಾಡಿನ ನಡುವೆ ಮಾತಾಡಿದರೆ ಹಾಗೆ ತಿರುಗುತ್ತಾಳೆ.

‘ಸಾವ್ಕಾರ್ರ, ಫೋನ್ ಕೆಳಗಿಡ್ರಿ. ನಾವು ಇನ್ನೂ ಬಾಯಿ ತಗದಿಲ್ಲ.’

ಪೇಟಿಯ ಮುಚ್ಚಳ ಹಾಕಿದಳು. ‘ಬಾಜೂ ಇಡ್ರಿ ಇದನ್ನ. ಇದಿನ್ನೂ ನನಗ ಹೊಸಾದು,’ ಎಂದು ಗಾಜಿನ ಆಚೆಯ ಹಾಡುವ ಖೋಲಿಗೆ ಹೋಗಿ ಬಳಗದವರ ನಡುವೆ ನೆಲದ ಮೇಲೆ ಕೂತಳು. ‘ಸೋಮವಾರ ಹೆಂಗ ಕುಂದರ್ತೀವಿ, ಹಂಗ ಕುಂದರ್ರಿ ಎಲ್ಲಾರೂ. ಪೇಟಿ ಕೆಟ್ಟಾಗ ಹಾಡಿಲ್ಲೇನ ನಾವು? ಹುಡುಗಿ ಕಲಿಸಿದ್ದ ಆ ಆಲಾಪ, ಹಾಂ, ಅದನ್ನ.’

ನಾನು ಗಾಜಿನ ಈಚೆ, ಇಂಜಿನಿಯರನ ಪಕ್ಕದಲ್ಲಿ ನಿಂತಿದ್ದೆ. ಆ ಕಡೆ ಅವರ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಪೇಟಿ ಇಲ್ಲ, ಗಿಟಾರಿಲ್ಲ, ಗೋಡೆಗೆ ಹಚ್ಚಿದ ದಪ್ಪ ಬಟ್ಟೆ ಅಷ್ಟೇ. ಅವ್ವ ಕಣ್ಣು ಮುಚ್ಚಿದಳು. ಸೋಮವಾರ ಮಾಡುವ ಹಾಗೆಯೇ ತೊಡೆಯ ಮೇಲೆ ಎರಡು ಬೆರಳು ಇಟ್ಟಳು. ಆಮೇಲೆ ಆಲಾಪ ಎತ್ತಿಕೊಂಡಳು.

ಇಂಜಿನಿಯರ್ ಒಂದು ಕ್ಷಣ ಕೇಳಿದ. ನಿಧಾನವಾಗಿ ನನ್ನ ಗಿಟಾರಿನ ದನಿಯನ್ನು ಅವಳ ದನಿಯ ಕೆಳಗೆ ತಂದು ಬಿಟ್ಟ. ಕೂಡಿತು! ಹಾಲಿಗೆ ಹಾಲು ಹಾಕಿದಂತೆ ಕೂಡಿತು. ಹಿಂದಿನಿಂದ ಉಳಿದ ಹೆಂಗಸರು ಸೇರಿದರು, ಅವರೂ ಅಲ್ಲಿಗೇ ಬಂದು ನಿಂತರು, ಒಬ್ಬರೂ ಮೇಲಿಲ್ಲ, ಒಬ್ಬರೂ ಕೆಳಗಿಲ್ಲ. ಅವನು ನನ್ನ ಕಡೆ ತಿರುಗಿದ.

‘ಮೇಡಂ, ಇವರ ಕಿವಿಗೆ ನಾವೇನೂ ಕೊಟ್ಟಿಲ್ಲ ಅಲ್ವಾ?’

‘ಇಲ್ಲ,’ ಅಂದೆ. ನಾನು ಅತ್ತೆ. ಮುಚ್ಚಿಡುವುದೇನಿದೆ, ಮೂಗು ಸೋರುವ ಹಾಗೆ ಅತ್ತೆ. ಇಷ್ಟು ವರ್ಷ ಸೋಮವಾರ ಸೋಮವಾರ ಹಾಡಿ ಹಾಡಿ ಆ ಶ್ರುತಿ ಅವರ ಗಂಟಲಲ್ಲಿ ಮನೆ ಮಾಡಿತ್ತು. ಖಾನಾಪುರದ ಅಂಗಡಿಯವರು ಪೇಟಿಯನ್ನು ಏರಿಸಿದ್ದರು, ಅವ್ವನನ್ನು ಏರಿಸಲು ಅವರಿಂದ ಆಗಿರಲಿಲ್ಲ. ಅವಳ ದನಿಯೂ ನನ್ನ ತಂತಿಯೂ ಒಂದೇ ಮನೆಯವು ಎಂದು ನನಗೆ ಅವತ್ತು ಎದೆ ಉಬ್ಬಿದಷ್ಟು ಯಾವ ಕಪ್ಪು ಗೆದ್ದಾಗಲೂ ಉಬ್ಬಿರಲಿಲ್ಲ.

ಕೊಳಲಿನವರು ಧಾರವಾಡದವರು, ಒಳ್ಳೆಯ ಮನುಷ್ಯ. ಕೊಳಲನ್ನು ತುಟಿಯ ಮೇಲೆ ಒಳಕ್ಕೆ ಹೊರಳಿಸಿ ಹಿಡಿದು ದನಿ ತಗ್ಗಿಸಿ ನೋಡಿದರು, ನಾಲ್ಕನೆಯ ಕೊಳಲು ಹೊಂದಿತು. ವಯಲಿನ್ನಿನವರು ಅವ್ವನ ‘ಆ’ಕಾರಕ್ಕೆ ತಂತಿ ಇಳಿಸಿಕೊಂಡರು. ನಿರ್ಮಾಪಕರು ಫೋನನ್ನು ಅಂಗಿಯ ಕಿಸೆಗೆ ಇಳಿಬಿಟ್ಟು, ಎದ್ದು, ಬಳಗದವರ ಕಡೆ ನೋಡಿದರು.

‘ಊಟಕ್ಕ ಎಷ್ಟ ಮಂದಿ ಅದೀರಿ?’ ಎಂದು ಕೇಳಿದರು.

ಸಿನಿಮಾ ಬಂತು. ಬೆಳಗಾವಿಯ ಟಾಕೀಸಿಗೆ ಬಳಗವೆಲ್ಲ ಹೋದೆವು, ಗುಂಜಿಯಿಂದಲೂ ಜನ ಬಂದಿದ್ದರು. ಕೊನೆಗೆ ಆ ಹೆಂಗಸು ಗೇಟೆತ್ತಿ ನಡೆಯತೊಡಗಿದಾಗ ಟಾಕೀಸಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನನ್ನ ಗಿಟಾರು, ಅದರ ಮೇಲೆ ನನ್ನ ಅವ್ವ. ಆಮೇಲೆ ಪರದೆಯ ಮೇಲೆ ‘ಸಂಗೀತ’, ಅದರ ಕೆಳಗೆ ನನ್ನ ಹೆಸರು. ಓಣಿಯವರೆಲ್ಲ ಸೀಟಿ ಹೊಡೆದರು, ಇಳಕಲ್ ಸೀರೆ ಉಟ್ಟವರೂ ಹೊಡೆದರು. ಅವ್ವ ಏನಾದರೂ ಅಂದಾಳು ಎಂದು ಕಾದೆ.

‘ಅಕ್ಷರ ಭಾಳ ಸಣ್ಣೂ ಆದೂ,’ ಅಂದಳು.

ಅಷ್ಟರಲ್ಲಿ ಮನೆಯಲ್ಲಿ ಹೊಸ ರಗಳೆ ಶುರುವಾಗಿತ್ತು. ರಿಪೇರಿಯಾದ ಪೇಟಿಗೆ ಬಳಗದವರ ದನಿ ಕೂಡುತ್ತಿರಲಿಲ್ಲ. ಎರಡು ಸೋಮವಾರ ಜಗ್ಗಾಡಿ, ಮೂರನೆಯದಕ್ಕೆ ಎಲ್ಲರೂ ಅವ್ವನ ಮೇಲೆ ಬಿದ್ದರು. ಮರುದಿನ ಬೆಳಿಗ್ಗೆ ಅವ್ವ ಪೇಟಿಗೆ ಬಟ್ಟೆ ಸುತ್ತಿ, ‘ನಡಿ ಖಾನಾಪುರಕ್ಕ. ಗಿಟಾರೂ ತಗೋ,’ ಅಂದಳು. ಸಿನಿಮಾದಲ್ಲಿ ಬಾರಿಸಿದ ಹಳೆಯ ಶ್ರುತಿಗೇ ಹಚ್ಚಿಟ್ಟಿದ್ದ ಗಿಟಾರನ್ನು ಹೆಗಲಿಗೇರಿಸಿದೆ.

ಪೇಟಿ ಅಂಗಡಿಯವರು ಕನ್ನಡಕ ಹಣೆಯ ಮೇಲೆ ಏರಿಸಿ ಅವ್ವನನ್ನೇ ನೋಡಿದರು.

‘ಅಕ್ಕಾ, ಹ್ವಾದ ಸಲ ಏರಸಂದ್ರಿ, ಈಗ ಇಳಸಂತೀರಿ. ಇಳಸೂಣು, ಅದಕ್ಕೇನ. ಆದ್ರ ಎಲ್ಲೀತನಕ ಇಳಸಲಿ? ಹಳೇ ಸೂರ ಈಗ ಯಾವುದರಾಗ ಐತಿ?’

ಅವ್ವ ಬೆಂಚಿನ ಮೇಲೆ ನೆಟ್ಟಗೆ ಕೂತಳು. ಸೆರಗು ಸರಿಮಾಡಿಕೊಂಡಳು. ಬಾಗಿಲ ಹತ್ತಿರ ಗಿಟಾರಿನ ಚೀಲ ಹಿಡಿದು ನಿಂತಿದ್ದ ನನ್ನ ಕಡೆ ಕೈ ಮಾಡಿದಳು.

‘ಈಕಿ ನನ್ನ ಮಗಳ್ರಿ. ಸಂಗೀತ ಮಾಡತಾಳ. ಈಕಿ ಬಾರಸ್ತಾಳ, ಅದಕ್ಕ ಹಚ್ಚರಿ.’

ಅಂಗಡಿಯವರು ಅರ ಕೈಗೆತ್ತಿಕೊಂಡು ಕಾದರು. ನಾನು ಅವ್ವನ ಪಕ್ಕದಲ್ಲಿ ಕೂತು ಚೀಲದಿಂದ ಗಿಟಾರು ತೆಗೆದೆ, ಮೊದಲ ತಂತಿ ಮೀಟಿದೆ.